ಬೀಗದ ಕೈ ಊರವರ ಬಳಿ: ಕೇರಳ ಗ್ರಂಥಶಾಲಾ ಸಂಘದ ಎಂಬತ್ತು ವರ್ಷ

1945ರ ಸೆಪ್ಟೆಂಬರ್ 14ರಂದು ತಿರುವಿತಾಂಕೂರು ಸಂಸ್ಥಾನದ ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳವರು ಒಂದೆಡೆ ಸೇರಿದರು. ಸರ್ಕಾರ ಕಟ್ಟಿಸಿಕೊಟ್ಟ ಗ್ರಂಥಾಲಯಗಳಲ್ಲ ಅವು. ಊರವರು ಚಂದಾ ಎತ್ತಿ, ಯಾರದೋ ಜಗಲಿಯಲ್ಲೋ ಬಾಡಿಗೆ ಕೋಣೆಯಲ್ಲೋ ನಡೆಸಿಕೊಂಡು ಬರುತ್ತಿದ್ದ ಪುಟ್ಟ ಪುಟ್ಟ ವಾಚನಾಲಯಗಳು. ಆ ದಿನ ಹುಟ್ಟಿದ ತಿರುವಿತಾಂಕೂರು ಗ್ರಂಥಶಾಲಾ ಸಂಘವೇ ಮುಂದೆ ಕೇರಳ ಗ್ರಂಥಶಾಲಾ ಸಂಘವಾಯಿತು. ಇಂದು ಕೇರಳ ರಾಜ್ಯ ಲೈಬ್ರರಿ ಕೌನ್ಸಿಲ್ ಎಂಬ ಹೆಸರಿನಲ್ಲಿ 8,000ಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಒಂದು ಸೂರಿನಡಿ ಇಟ್ಟುಕೊಂಡಿದೆ. ಪ್ರತಿವರ್ಷ ಸೆಪ್ಟೆಂಬರ್ 14 ಅಲ್ಲಿ ಗ್ರಂಥಶಾಲಾ ದಿನ.

ಗ್ರಂಥಾಲಯಕ್ಕೆ ನಾಗರಿಕರು ನೆರವಾಗುವ ಪದ್ಧತಿ ಬೇರೆ ನಾಡುಗಳಲ್ಲೂ ಇದೆ. ಅಮೆರಿಕದಲ್ಲಿ 1922ರ ಸುಮಾರಿಗೆ ಆರಂಭವಾದ 'ಗ್ರಂಥಾಲಯ ಮಿತ್ರರ' ಗುಂಪುಗಳು ಊರಿನ ಗ್ರಂಥಾಲಯಕ್ಕಾಗಿ ಹಳೆಯ ಪುಸ್ತಕ ಮಾರಿ ಹಣ ಕೂಡಿಸುತ್ತವೆ, ಬಜೆಟ್ ಕಡಿತವಾದಾಗ ದನಿ ಎತ್ತುತ್ತವೆ. ಅಲ್ಲಿ ಗ್ರಂಥಾಲಯ ನಗರಸಭೆಯದು, ನೆರವು ಜನರದು. ಕೇರಳದಲ್ಲಿ ಗ್ರಂಥಾಲಯ ಜನರದು. ನೆರವು ನೀಡಲು ಆಮೇಲೆ ಬಂದದ್ದು ಸರ್ಕಾರ. ಸರ್ಕಾರದ ಹಣ ಬೇಕು, ಆದರೆ ಬಾಗಿಲ ಬೀಗದ ಕೈ ನಮ್ಮ ಬಳಿಯೇ ಇರಬೇಕು ಎಂಬ ಹಟವನ್ನು ಎಂಟು ದಶಕ ಕಾಪಾಡಿಕೊಂಡು ಬಂದದ್ದೇ ಈ ಸಂಸ್ಥೆಯ ಚರಿತ್ರೆ ಎಂದು ನಾನು ತಿಳಿದಿದ್ದೇನೆ.

ಸಂಘಕ್ಕೆ ಮುಂಚೆ: 1829–1944

ತಿರುವನಂತಪುರದ ಸಾರ್ವಜನಿಕ ಗ್ರಂಥಾಲಯ 1829ರಷ್ಟು ಹಳೆಯದು. ಸ್ವಾತಿ ತಿರುನಾಳ್ ಮಹಾರಾಜರ ಕಾಲದ ಆ ಸಂಸ್ಥೆ ಬಹಳ ವರ್ಷ ಅಧಿಕಾರಿಗಳ, ಗಣ್ಯರ ವಲಯದಲ್ಲೇ ಉಳಿಯಿತು. ಹಳ್ಳಿಯ ವಾಚನಾಲಯದ ವಂಶವೇ ಬೇರೆ. ಅದು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಶಾಲೆ, ಪತ್ರಿಕೆ, ಸಮಾಜ ಸುಧಾರಣೆ ಈ ಮೂರೂ ಕೂಡಿದ ಕಡೆ ಹುಟ್ಟಿಕೊಂಡಿತು. ತಿರುವನಂತಪುರದ ವಂಚಿಯೂರಿನಲ್ಲಿ 1914ರಲ್ಲಿ ಆರಂಭವಾದ, ಮುಂದೆ ಶ್ರೀ ಚಿತ್ತಿರ ತಿರುನಾಳ್ ಹೆಸರು ಪಡೆದ ಗ್ರಂಥಾಲಯ ಶತಮಾನ ದಾಟಿ ಇಂದಿಗೂ ಇದೆ.

ಕಾರಣ ಬಹಳ ಸರಳ. ದಿನಪತ್ರಿಕೆಯ ಚಂದಾ ಒಂದು ಮನೆಗೆ ಭಾರ, ಹತ್ತು ಮನೆ ಸೇರಿದರೆ ಹಗುರ. ಓದು ಬಂದವನೊಬ್ಬ ಗಟ್ಟಿಯಾಗಿ ಓದಿದರೆ ಓದು ಬಾರದವರೂ ಲೋಕದ ಸುದ್ದಿ ತಿಳಿಯಬಹುದು. ಇದರ ಜೊತೆಗೇ ಶ್ರೀ ನಾರಾಯಣ ಗುರುಗಳು ವಿದ್ಯೆಗೆ ಕೊಟ್ಟ ಪ್ರಾಶಸ್ತ್ಯವಿತ್ತು. ಶಾಲೆ, ದೇವಸ್ಥಾನ, ರಸ್ತೆ ಎಲ್ಲಕ್ಕೂ ಜಾತಿಯ ಬೇಲಿ ಇದ್ದ ನಾಡು ಅದು. ದೇವಾಲಯ ಪ್ರವೇಶದ ರಾಜಾಜ್ಞೆ ಬಂದದ್ದೇ 1936ರ ನವೆಂಬರ್ 12ಕ್ಕೆ. ಅಂಥಲ್ಲಿ ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಒಂದೇ ಪತ್ರಿಕೆಯ ಹಾಳೆ ಹಂಚಿಕೊಂಡು ಓದುವುದು ಸಣ್ಣ ಸಂಗತಿಯಲ್ಲ. ಆ ಬೆಂಚಿನ ಮಹತ್ವವನ್ನು ಗ್ರಂಥಾಲಯಗಳ ಅಂಕಿ‑ಅಂಶ ಹೇಳಲಾರದು.

ಉತ್ತರದ ಮಲಬಾರಿನಲ್ಲಿ ಕತೆ ಇನ್ನಷ್ಟು ಬಿಸಿಯಾಗಿತ್ತು. ಬ್ರಿಟಿಷರ ನೇರ ಆಳ್ವಿಕೆಯ ಆ ಜಿಲ್ಲೆಯಲ್ಲಿ ರಾಷ್ಟ್ರೀಯ ಹೋರಾಟ, ರೈತ ಸಂಘ, ರಾತ್ರಿಶಾಲೆ, ವಾಚನಾಲಯ ಎಲ್ಲ ಒಂದೇ ಬಳಗ. 1937ರಲ್ಲಿ ಅಲ್ಲಿ ಮಲಬಾರ್ ವಾಚನಾಲಯ ಸಂಘ ರೂಪುಗೊಂಡಿತ್ತು. ಅಂದರೆ ಅಂಬಲಪ್ಪುಳದ ಸಭೆಗೆ ಎಂಟು ವರ್ಷ ಮುಂಚೆಯೇ. ಉತ್ತರದ ಈ ಹಿರಿತನವನ್ನು ಸಂಘದ ಚರಿತ್ರೆ ಬರೆಯುವಾಗ ಮರೆಯಬಾರದು. ಕನ್ನಡ ಓದುಗರಿಗೆ ಆ ಕಾಲದ ಹಳ್ಳಿಗಳ ಪರಿಚಯ ಹೊಸದಲ್ಲ: ನೀಲೇಶ್ವರದಲ್ಲಿ ಓದಿದ ನಿರಂಜನರು ಕಯ್ಯೂರಿನ ರೈತರ ಹೋರಾಟವನ್ನು 'ಚಿರಸ್ಮರಣೆ'ಯಲ್ಲಿ ನಮ್ಮ ಭಾಷೆಗೆ ತಂದಿದ್ದಾರೆ. ಆ ಕಯ್ಯೂರು ಇರುವುದು ಇಂದಿನ ಕಾಸರಗೋಡು ಜಿಲ್ಲೆಯಲ್ಲಿ.

ಅಂಬಲಪ್ಪುಳ: 1945

ಚದುರಿದ್ದ ವಾಚನಾಲಯಗಳನ್ನು ಒಂದು ಸಂಸ್ಥೆಯಾಗಿ ಕಟ್ಟಿದವರು ಪಿ.ಎನ್. ಪಣಿಕ್ಕರ್. 1909ರ ಮಾರ್ಚ್ 1ರಂದು ಕುಟ್ಟನಾಡಿನ ನೀಲಂಪೇರೂರಿನಲ್ಲಿ ಹುಟ್ಟಿದವರು, ವೃತ್ತಿಯಿಂದ ಶಾಲಾ ಮೇಷ್ಟ್ರು. ಸಮುದ್ರಮಟ್ಟಕ್ಕಿಂತ ಕೆಳಗಿನ ಗದ್ದೆಗಳಲ್ಲಿ ಭತ್ತ ಬೆಳೆಯುವ, ಅಂದು ದೋಣಿಯಿಲ್ಲದೆ ನಡೆಯದಿದ್ದ ಆ ಸೀಮೆಯಲ್ಲಿ ಹುಡುಗ ಪಣಿಕ್ಕರ್ ಓದು ಬಾರದವರನ್ನು ಕೂರಿಸಿಕೊಂಡು ಪತ್ರಿಕೆ ಓದಿ ಹೇಳುತ್ತಿದ್ದರಂತೆ. 1926ರಲ್ಲಿ, ಇನ್ನೂ ಹದಿನೇಳರ ವಯಸ್ಸಿನಲ್ಲಿ, ಅವರು ಹುಟ್ಟೂರಿನಲ್ಲಿ ಸನಾತನ ಧರ್ಮ ಗ್ರಂಥಾಲಯ ಆರಂಭಿಸಿದರು.

ಮುಂದೆ ಅವರ ಕಾರ್ಯಕ್ಷೇತ್ರ ಅಂಬಲಪ್ಪುಳ. ಅಲ್ಲಿ ವಿದ್ವಾಂಸ, ವಿಮರ್ಶಕ ಪಿ.ಕೆ. ನಾರಾಯಣ ಪಿಳ್ಳೆಯವರ ನೆನಪಿಗೆ ಎದ್ದ ಪಿ.ಕೆ. ಸ್ಮಾರಕ ಗ್ರಂಥಾಲಯವೇ 1945ರ ಸಮ್ಮೇಳನದ ನೆಲೆಯಾಯಿತು. ಉದ್ಘಾಟನೆಗೆ ಬಂದವರು ಸಂಸ್ಥಾನದ ದಿವಾನ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್. ಸಂಘಕ್ಕೆ ತಿಂಗಳಿಗೆ 250 ರೂಪಾಯಿ ಸರ್ಕಾರಿ ಅನುದಾನ ದೊರಕಿತು. ಲೆಕ್ಕ ಹಾಕಿ ನೋಡಿ: 47 ಗ್ರಂಥಾಲಯಗಳಿಗೆ ಹಂಚಿದರೆ ತಲಾ ಐದು ರೂಪಾಯಿ ಚಿಲ್ಲರೆ. ಹಣ ಸಣ್ಣದು. ಆದರೆ ಹಳ್ಳಿಯವರು ತಾವಾಗಿ ನಡೆಸುವ ಓದಿನ ಕೆಲಸಕ್ಕೆ ಖಜಾನೆಯಿಂದ ಹಣ ಸಲ್ಲಬೇಕು ಎಂಬುದನ್ನು ಆಳುವವರು ಒಪ್ಪಿಕೊಂಡರಲ್ಲ, ಅದು ದೊಡ್ಡದು.

ಆ ಕಾಲದ ಉರಿಯನ್ನೂ ನೆನೆಯಬೇಕು. ಅಂಬಲಪ್ಪುಳದ ನೆರೆಯ ಪುನ್ನಪ್ರದಲ್ಲಿ 1946ರ ಅಕ್ಟೋಬರಿನಲ್ಲಿ ದಿವಾನರ ಆಡಳಿತದ ವಿರುದ್ಧ ಕಾರ್ಮಿಕರು ಬಂಡೆದ್ದು ಗುಂಡಿಗೆ ಎದೆಯೊಡ್ಡಿದರು. ಮರುವರ್ಷ ದಿವಾನರೇ ತಿರುವಿತಾಂಕೂರು ಬಿಟ್ಟು ಹೋದರು. ಅವರ ಕೈಯಲ್ಲಿ ಉದ್ಘಾಟನೆಗೊಂಡ ಸಂಘ ಮಾತ್ರ ಕದಲಲಿಲ್ಲ. ಯಾವ ಬಣದ ಮನೆಯ ಜಗಲಿಯಲ್ಲೂ ಕೂರದೆ, ಎಲ್ಲ ಬಣದವರೂ ಬಂದು ಕೂರಬಹುದಾದ ಜಗಲಿಯಾಗಿ ಉಳಿಯುವ ಜಾಣ್ಮೆಯನ್ನು ಪಣಿಕ್ಕರ್ ಮೊದಲ ದಿನದಿಂದಲೇ ತೋರಿದರು.

ಹಳ್ಳಿಯಿಂದ ಹಳ್ಳಿಗೆ: 1946–1969

1949ರಲ್ಲಿ ತಿರುವಿತಾಂಕೂರು, ಕೊಚ್ಚಿ ಸಂಸ್ಥಾನಗಳು ಒಂದಾದಾಗ ಸಂಘದ ವ್ಯಾಪ್ತಿಯೂ ಹಿಗ್ಗಿತು. 1956ರಲ್ಲಿ ಕೇರಳ ರಾಜ್ಯ ರಚನೆಯಾದ ಮೇಲೆ ಅದು ಕೇರಳ ಗ್ರಂಥಶಾಲಾ ಸಂಘ. ಪ್ರಧಾನ ಕಾರ್ಯದರ್ಶಿಯಾಗಿದ್ದ ಪಣಿಕ್ಕರ್ ಊರೂರು ಅಲೆದರು. ಸಂಘದ ಕೂಗು ಒಂದೇ: ಓದಿ ಬೆಳೆಯಿರಿ. 'ಗ್ರಂಥಲೋಕಂ' ಎಂಬ ಮುಖಪತ್ರಿಕೆಯೂ ಹೊರಬಂತು. ಯಾವ ಪುಸ್ತಕ ಕೊಳ್ಳಬೇಕು ಎಂದು ತಿಳಿಯದ ದೂರದ ಹಳ್ಳಿಯ ಸಮಿತಿಗೆ ಅದೇ ಕೈದೀಪ.

ಒಂದು ಗ್ರಂಥಾಲಯ ಹೇಗೆ ಹುಟ್ಟುತ್ತಿತ್ತು ಎಂಬುದನ್ನು ಇಲ್ಲಿ ಕೊಂಚ ನಿಧಾನವಾಗಿ ಹೇಳಬೇಕು. ಎಲ್ಲ ಕಡೆ ಆರಂಭ ಸರಿಸುಮಾರು ಒಂದೇ ಬಗೆ. ನಾಲ್ಕು ಜನ ಯುವಕರು, ಒಬ್ಬ ಮೇಷ್ಟ್ರು, ಒಂದು ಮರದ ಪೆಟ್ಟಿಗೆ. ಮನೆಮನೆಗೆ ಹೋಗಿ ಕೇಳಿದ ಪುಸ್ತಕಗಳು. ಹಣಕ್ಕಾಗಿ ಹಿಡಿಯಕ್ಕಿ ಸಂಗ್ರಹ: ಅನ್ನಕ್ಕಿಡುವಾಗ ಮನೆಯೊಡತಿ ಒಂದು ಹಿಡಿ ಅಕ್ಕಿಯನ್ನು ಬೇರೆ ಪಾತ್ರೆಗೆ ಹಾಕಿಡುವುದು, ವಾರಕ್ಕೊಮ್ಮೆ ಹುಡುಗರು ಬಂದು ಒಯ್ಯುವುದು. ಹಬ್ಬದ ಹೊತ್ತಿಗೆ ನಾಟಕವಾಡಿ ಟಿಕೆಟ್ ಮಾರುವುದು. ಕೇರಳದ ಹಳ್ಳಿಯ ಹವ್ಯಾಸಿ ರಂಗಭೂಮಿ ಅಷ್ಟು ಹುಲುಸಾಗಿ ಬೆಳೆಯಲು ವಾಚನಾಲಯಗಳ ಕಲಾಸಮಿತಿಗಳು ಬಹುಮಟ್ಟಿಗೆ ಕಾರಣ. ನಂತರ ಯಾರಾದರೂ ನಾಲ್ಕು ಸೆಂಟ್ಸ್ ಜಾಗ ದಾನ ಕೊಡುತ್ತಾರೆ, ಮುರಕಲ್ಲು ಬರುತ್ತದೆ, ಊರವರ ಶ್ರಮದಾನದಲ್ಲಿ ಗೋಡೆ ಏಳುತ್ತದೆ, ಹಂಚಿನ ಮಾಡು ಕೂರುತ್ತದೆ. ಇಂದು ಎರಡು ಮಹಡಿಯ ಕಾಂಕ್ರೀಟ್ ಕಟ್ಟಡವಿರುವ ಎಷ್ಟೋ ಗ್ರಂಥಾಲಯಗಳ ಮೂಲ ಆ ಒಂದಂಕಣದ ಕೋಣೆ.

ಕಟ್ಟಡಕ್ಕಿಂತ ಮುಖ್ಯವಾದದ್ದು ಕಟ್ಟುಪಾಡು. ಸಂಘದ ಮಾನ್ಯತೆ ಬೇಕಾದರೆ ಸದಸ್ಯರ ಪಟ್ಟಿ ಇರಬೇಕು, ವರ್ಷಕ್ಕೊಮ್ಮೆ ಮಹಾಸಭೆ ನಡೆಯಬೇಕು, ಆಡಳಿತ ಸಮಿತಿ ಚುನಾವಣೆಯಿಂದ ಬರಬೇಕು. ಪುಸ್ತಕ ದಾಸ್ತಾನಿನ ವಹಿ, ಎರವಲಿನ ವಹಿ, ಜಮಾಖರ್ಚು ಎಲ್ಲವೂ ತಪಾಸಣೆಗೆ ಸಿದ್ಧವಿರಬೇಕು. ಇಷ್ಟಾದರೆ ದರ್ಜೆಗೆ ತಕ್ಕಂತೆ ವಾರ್ಷಿಕ ಅನುದಾನ. ಕೂಲಿ ಮಾಡಿ ಬಂದು ಸಂಜೆ ವಾಚನಾಲಯ ತೆರೆಯುತ್ತಿದ್ದ ಕಾರ್ಯದರ್ಶಿ ಹೀಗೆ ಸಭೆ ನಡೆಸುವುದನ್ನು, ಠರಾವು ಬರೆಯುವುದನ್ನು, ಪೈಸೆ ಪೈಸೆಗೆ ಲೆಕ್ಕ ಒಪ್ಪಿಸುವುದನ್ನು ಕಲಿತ. ಕೇರಳದ ಪಂಚಾಯತಿಗಳ ಬಲದ ಬಗ್ಗೆ ಮಾತಾಡುವವರು ಅದಕ್ಕೆ ಮುಂಚಿನ ಈ ಪಾಠಶಾಲೆಯನ್ನೂ ನೋಡಬೇಕು.

ಓದು ಗ್ರಂಥಾಲಯದ ನಾಲ್ಕು ಗೋಡೆಯೊಳಗೇ ಇರಲಿಲ್ಲ. ಕಣ್ಣೂರು ಕಡೆಯ ಬೀಡಿ ಕಾರ್ಖಾನೆಗಳಲ್ಲಿ ಒಬ್ಬ ಗಟ್ಟಿಯಾಗಿ ಪತ್ರಿಕೆ, ಕಾದಂಬರಿ ಓದುತ್ತಿದ್ದ, ಉಳಿದವರು ಎಲೆ ಸುತ್ತುತ್ತ ಕೇಳುತ್ತಿದ್ದರು. ಓದುವವನ ಪಾಲಿನ ಬೀಡಿಯನ್ನು ಕೇಳುವವರು ಕಟ್ಟಿಕೊಡುತ್ತಿದ್ದರು. 1968ರಲ್ಲಿ ಮಂಗಳೂರು ಮೂಲದ ಕಂಪೆನಿಗಳು ಆ ಭಾಗದ ಶಾಖೆಗಳನ್ನು ಮುಚ್ಚಿದಾಗ ಸಾವಿರಾರು ಮಂದಿ ಬೀದಿಗೆ ಬಿದ್ದರು. ಮರುವರ್ಷ ಅವರು ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿಕೊಂಡರು, ಅಲ್ಲಿಯೂ ಓದು ಮುಂದುವರಿಯಿತು. ಸಂಘದ ಪಟ್ಟಿಯಲ್ಲಿ ಸೇರದ ಗ್ರಂಥಾಲಯವಿದು. ಆದರೂ ಹಳ್ಳಿಯ ವಾಚನಾಲಯಕ್ಕೆ ಸಂಜೆ ಬರುತ್ತಿದ್ದವರು ಹಗಲು ಹೀಗೆ ಪುಸ್ತಕ ಕೇಳಿ ಬಂದವರೇ.

ಗಡಿಯ ಸೀಮೆ: 1948–1956

ಕಾಸರಗೋಡಿನ ದಾರಿ ಬೇರೆಯಾಗಿತ್ತು. 1956ರ ವರೆಗೆ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1948ರಲ್ಲಿ ಬಂತು. ಸ್ವತಂತ್ರ ಭಾರತದಲ್ಲಿ ಇಂಥ ಕಾಯ್ದೆ ಅದೇ ಮೊದಲು. ಅದರ ಹಿಂದಿದ್ದವರು ಎಸ್.ಆರ್. ರಂಗನಾಥನ್. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ವೃತ್ತಿ ಆರಂಭಿಸಿದ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅದೇ ರಂಗನಾಥನ್. ಆ ಕಾಯ್ದೆಯಂತೆ ಮನೆತೆರಿಗೆಯ ಮೇಲೆ ಕರ, ಜಿಲ್ಲೆಗೊಂದು ಗ್ರಂಥಾಲಯ ಪ್ರಾಧಿಕಾರ. ಗ್ರಂಥಾಲಯವೆಂಬುದು ಕಾನೂನು ಕೊಡುವ ಹಕ್ಕು ಎಂಬ ವಿಚಾರ ಹಾಗೆ ಉತ್ತರದ ಜಿಲ್ಲೆಗಳಿಗೆ ಬಂತು. ಗ್ರಂಥಾಲಯವೆಂಬುದು ಊರವರು ಕಟ್ಟುವ ಸಂಸ್ಥೆ ಎಂಬ ವಿಚಾರ ತೆಂಕಣದಿಂದ ಬಂತು. ರಾಜ್ಯಗಳ ಮರುವಿಂಗಡಣೆಯ ನಂತರ ಎರಡೂ ಒಂದೇ ರಾಜ್ಯದೊಳಗೆ ಕೆಲಕಾಲ ಅಕ್ಕಪಕ್ಕ ನಡೆದವು.

ಕಾಸರಗೋಡು ಕೇರಳಕ್ಕೆ ಸೇರಿದಾಗ ಎದ್ದ ಗಡಿಯ ಪ್ರಶ್ನೆ ಆ ನೆಲದ ಕನ್ನಡಿಗರಿಗೆ ಎಷ್ಟು ನೋವು ಕೊಟ್ಟಿತು ಎಂಬುದನ್ನು ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಬದುಕು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಲೇಖನದ ಮಟ್ಟಿಗೆ ಹೇಳಬೇಕಾದದ್ದು ಒಂದೇ. ಊರವರೇ ಸಮಿತಿ ಮಾಡಿಕೊಂಡು, ಊರವರೇ ಪುಸ್ತಕ ಆರಿಸುವ ವ್ಯವಸ್ಥೆಯಲ್ಲಿ ಕನ್ನಡದ ಊರು ಕನ್ನಡದ ಕಪಾಟನ್ನು ತಾನೇ ಇಟ್ಟುಕೊಳ್ಳಬಹುದು. ಮಲಯಾಳ, ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತಾಡುವ ಜನ ಒಂದೇ ಪೇಟೆಯಲ್ಲಿರುವ ಜಿಲ್ಲೆಗೆ ಈ ಸ್ವಾತಂತ್ರ್ಯ ಅತ್ಯಗತ್ಯ. ರಾಜಧಾನಿಯಿಂದ ಒಂದೇ ಪಟ್ಟಿ ಇಳಿದು ಬರುವ ಕಡೆ ಅಲ್ಪಸಂಖ್ಯಾತರ ಭಾಷೆ ಎಂದೂ ಪಟ್ಟಿಯ ಕೊನೆಯಲ್ಲಿರುತ್ತದೆ.

ಬೆಳ್ಳಿಹಬ್ಬದಿಂದ ಹೊಸ ತಿರುವಿಗೆ: 1970–1977

1970ರಲ್ಲಿ ಸಂಘಕ್ಕೆ ಇಪ್ಪತ್ತೈದು. ಬೆಳ್ಳಿಹಬ್ಬವನ್ನು ಸಭಾಂಗಣದಲ್ಲಿ ಆಚರಿಸದೆ ರಸ್ತೆಯಲ್ಲಿ ಆಚರಿಸಿದರು. ದಕ್ಷಿಣ ತುದಿಯ ಪಾರಶಾಲೆಗೂ ಉತ್ತರ ತುದಿಯ ಕಾಸರಗೋಡಿಗೂ ನಡುವೆ ಪಣಿಕ್ಕರ್ ನೇತೃತ್ವದ ಸಾಂಸ್ಕೃತಿಕ ಪಾದಯಾತ್ರೆ ನಡೆಯಿತು. ದಾರಿಯ ಊರುಗಳಲ್ಲಿ ಸಭೆ, ಹಾಡು, ಭಾಷಣ. ಓದಬೇಕು, ಓದಿದ್ದನ್ನು ವಿಚಾರ ಮಾಡಬೇಕು ಎಂಬ ಕರೆ. ಗ್ರಂಥಾಲಯದ ಹೆಸರಿನಲ್ಲಿ ಇಡೀ ರಾಜ್ಯ ನಡೆದ ಇನ್ನೊಂದು ನಿದರ್ಶನ ಭಾರತದಲ್ಲಿ ನನಗೆ ಕಾಣದು.

ಆ ಹೊತ್ತಿಗೆ ಸಂಘದ ಗುರಿಯೂ ಅಗಲವಾಗಿತ್ತು. ಓದು ಬಲ್ಲವರಿಗೆ ಪುಸ್ತಕ ಕೊಡುವುದರಿಂದ ಓದು ಬಾರದವರಿಗೆ ಅಕ್ಷರ ಕೊಡುವುದರ ಕಡೆಗೆ ಅದು ಹೊರಳಿತು. ಗ್ರಂಥಾಲಯಗಳಲ್ಲಿ ವಯಸ್ಕರ ಶಿಕ್ಷಣದ ತರಗತಿಗಳು ನಡೆದವು. 1975ರಲ್ಲಿ ಯುನೆಸ್ಕೋದ ಕ್ರುಪ್‌ಸ್ಕಯಾ ಪ್ರಶಸ್ತಿಯ ಮನ್ನಣೆ ಸಂಘಕ್ಕೆ ದೊರಕಿತು. ಲೆನಿನ್ನರ ಪತ್ನಿ, ಸೋವಿಯತ್ ಗ್ರಂಥಾಲಯಗಳಿಗಾಗಿ ದುಡಿದ ನದೆಝ್ದಾ ಕ್ರುಪ್‌ಸ್ಕಯಾ ಅವರ ಹೆಸರಿನ ಆ ಪ್ರಶಸ್ತಿ ಸಾಕ್ಷರತೆಯ ಕೆಲಸಕ್ಕೆ ಮೀಸಲಾಗಿತ್ತು.

ಇಷ್ಟು ಬೆಳೆದ ಸಂಸ್ಥೆಗೆ ಆಡಳಿತದ ಪ್ರಶ್ನೆಗಳೂ ಎದುರಾಗುವುದು ಸಹಜ. ಸರ್ಕಾರದ ಅನುದಾನ ಹೆಚ್ಚಿದಂತೆ ಅದರ ಉಸ್ತುವಾರಿ ಹೇಗಿರಬೇಕು ಎಂಬ ಬಗ್ಗೆ ಭಿನ್ನ ಅಭಿಪ್ರಾಯಗಳು ಬಂದವು. 1977ರಲ್ಲಿ ಸರ್ಕಾರ ಸಂಘದ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಮೂವತ್ತೆರಡು ವರ್ಷ ಕಾರ್ಯದರ್ಶಿಯಾಗಿದ್ದ ಪಣಿಕ್ಕರ್ ಸ್ಥಾನ ಬಿಟ್ಟರು. ಎರಡೂ ಕಡೆಯವರಿಗೆ ಗ್ರಂಥಾಲಯಗಳ ಒಳಿತೇ ಮನಸ್ಸಿನಲ್ಲಿತ್ತು ಎಂದು ಇಷ್ಟು ವರ್ಷಗಳ ದೂರದಿಂದ ಹೇಳಬಹುದು. ಪಣಿಕ್ಕರ್ ಮನೆಯಲ್ಲಿ ಕೂರಲಿಲ್ಲ. ಅದೇ ವರ್ಷ 'ಕಾನ್‌ಫೆಡ್' ಎಂಬ ಅನೌಪಚಾರಿಕ ಶಿಕ್ಷಣ ಸಂಸ್ಥೆ ಕಟ್ಟಿ ಅಕ್ಷರ ಕಲಿಸುವ ಕೆಲಸಕ್ಕೆ ಇಳಿದರು.

ಕಾಯ್ದೆ, ಚುನಾವಣೆ: 1978–1994

ರಾಜ್ಯಮಟ್ಟದಲ್ಲಿ ಚುನಾಯಿತ ಆಡಳಿತ ಇಲ್ಲದ ಆ ವರ್ಷಗಳಲ್ಲಿಯೂ ಹಳ್ಳಿಯ ಗ್ರಂಥಾಲಯಗಳು ಸಂಜೆಗೆ ಬಾಗಿಲು ತೆರೆದವು. ಮೇಲಿನ ಕೊಂಡಿ ಸಡಿಲವಾದರೂ ಕೆಳಗಿನ ಸಮಿತಿಗಳು ತಮ್ಮ ಕಾಲ ಮೇಲೆ ನಿಂತಿದ್ದವು. ಸಾಕ್ಷರತಾ ಆಂದೋಲನ ಬಂದಾಗ ಆ ಬಲ ಎದ್ದು ಕಂಡಿತು. ಎರ್ನಾಕುಳಂ ಜಿಲ್ಲೆ 1990ರ ಫೆಬ್ರುವರಿ 4ರಂದು ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯಾಯಿತು. 1991ರ ಏಪ್ರಿಲ್ 18ರಂದು ಕೋಳಿಕ್ಕೋಡಿನ ಮಾನಾಂಜಿರ ಮೈದಾನದಲ್ಲಿ, ಆಗಷ್ಟೇ ಅಕ್ಷರ ಕಲಿತಿದ್ದ ಚೇಲಕ್ಕೋಡನ್ ಆಯಿಷಾ ಇಡೀ ರಾಜ್ಯದ ಸಾಕ್ಷರತೆಯನ್ನು ಘೋಷಿಸಿದರು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು, ಕಾನ್‌ಫೆಡ್, ಜಿಲ್ಲಾಡಳಿತ, ಸಾವಿರಾರು ಸ್ವಯಂಸೇವಕರು ಸೇರಿ ಮಾಡಿದ ಕೆಲಸವದು. ಎಷ್ಟೋ ಊರುಗಳಲ್ಲಿ ಆ ಸ್ವಯಂಸೇವಕರು ಒಟ್ಟುಗೂಡುತ್ತಿದ್ದ ಜಾಗ ವಾಚನಾಲಯ.

ಈ ನಡುವೆಯೇ ಕೇರಳ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ, 1989 ಬಂತು. ಕಾಯ್ದೆಯ ಹೆಸರಿನೊಳಗೇ ಕಂಸದಲ್ಲಿ ಕೇರಳ ಗ್ರಂಥಶಾಲಾ ಸಂಘದ ಹೆಸರಿದೆ. ಒಂದು ಜನಸಂಸ್ಥೆಗೆ ಶಾಸನ ಸಲ್ಲಿಸಿದ ಇಂಥ ಗೌರವ ಅಪರೂಪ. ತಾಲೂಕು ಲೈಬ್ರರಿ ಯೂನಿಯನ್, ಜಿಲ್ಲಾ ಲೈಬ್ರರಿ ಕೌನ್ಸಿಲ್, ರಾಜ್ಯ ಲೈಬ್ರರಿ ಕೌನ್ಸಿಲ್ ಎಂಬ ಮೂರು ಹಂತ. ಮಾನ್ಯತೆ ಪಡೆದ ಗ್ರಂಥಾಲಯಗಳ ಪ್ರತಿನಿಧಿಗಳೇ ಮತದಾರರು. ಕಟ್ಟಡ ತೆರಿಗೆಯ ಜೊತೆ ಗ್ರಂಥಾಲಯ ಕರ. ರಾಜ್ಯದ ಶಿಕ್ಷಣ ಬಜೆಟ್ಟಿನ ಶೇ 1ಕ್ಕೆ ಕಡಿಮೆಯಿಲ್ಲದ ಪಾಲು ಗ್ರಂಥಾಲಯ ನಿಧಿಗೆ. 1994ರಲ್ಲಿ ಚುನಾಯಿತ ಕೌನ್ಸಿಲ್ ಅಧಿಕಾರ ವಹಿಸಿಕೊಂಡಿತು. 250 ರೂಪಾಯಿಯಿಂದ ಆರಂಭವಾದ ಮಾತುಕತೆಗೆ ಕೊನೆಗೂ ಕಾನೂನಿನ ರೂಪ ಬಂತು. ಇದನ್ನು ಕಣ್ಣಾರೆ ಕಂಡ ಪಣಿಕ್ಕರ್ 1995ರ ಜೂನ್ 19ರಂದು ತೀರಿಕೊಂಡರು.

ಕರ್ನಾಟಕದ ಓದುಗರು ಇಲ್ಲಿ ಹೋಲಿಕೆ ಮಾಡದೆ ಇರಲಾರರು. ನಮ್ಮ ಗ್ರಂಥಾಲಯ ಕಾಯ್ದೆ 1965ರದು, ಕೇರಳಕ್ಕಿಂತ ಎರಡು ದಶಕಕ್ಕೂ ಹೆಚ್ಚು ಮುಂಚೆ. ನಮ್ಮಲ್ಲೂ ಆಸ್ತಿ ತೆರಿಗೆಯ ಮೇಲೆ ಕರವಿದೆ. ಆದರೆ ನಮ್ಮಲ್ಲಿ ಗ್ರಂಥಾಲಯ ನಡೆಸುವುದು ಇಲಾಖೆ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗವಾದ ಮೇಲೆ ಪುಸ್ತಕ ಕೊಡಲು, ಗೋಡೆಗೆ ಬಣ್ಣ ಬಳಿಯಲು ಊರವರು ಮುಂದೆ ಬಂದದ್ದನ್ನು ಸಂತೋಷದಿಂದ ನೆನೆಯಬೇಕು. ಆ ಊರವರಿಗೆ ಸಮಿತಿಯಲ್ಲಿ ಮತ, ಪುಸ್ತಕದ ಆಯ್ಕೆಯಲ್ಲಿ ಮಾತು ಸಿಕ್ಕಿದರೆ ಆ ಉತ್ಸಾಹ ಒಂದು ಅಭಿಯಾನಕ್ಕೆ ಮುಗಿಯದು.

1994ರಿಂದ ಈಚೆಗೆ

ಚುನಾಯಿತ ಕೌನ್ಸಿಲ್ಲಿನ ಅಧ್ಯಕ್ಷರಾಗಿ ಕವಿ ಕಡಮ್ಮನಿಟ್ಟ ರಾಮಕೃಷ್ಣನ್, ಕಾರ್ಯದರ್ಶಿಯಾಗಿ ಐ.ವಿ. ದಾಸ್ ದುಡಿದರು. ಪಣಿಕ್ಕರ್ ತೀರಿಕೊಂಡ ಜೂನ್ 19 ವಾಚನ ದಿನವಾಯಿತು. ಅಂದಿನಿಂದ ದಾಸ್ ಅವರ ಜನ್ಮದಿನವಾದ ಜುಲೈ 7ರ ವರೆಗೆ ಶಾಲೆ, ಗ್ರಂಥಾಲಯಗಳಲ್ಲಿ ವಾಚನ ಪಕ್ಷ. ಗ್ರಂಥಾಲಯಗಳಲ್ಲಿ ಬಾಲವೇದಿಕೆ, ಮಹಿಳಾ ವೇದಿಕೆಗಳು ರೂಪುಗೊಂಡವು. ಸಂಜೆ ಹೊತ್ತು ಗಂಡಸರೇ ತುಂಬಿರುವ ಕೋಣೆಗೆ ಹೆಂಗಸರು ಬರಲು ಹಿಂಜರಿಯುತ್ತಾರೆ ಎಂಬ ಹಳೆಯ ಕೊರತೆಗೆ ಕಂಡುಕೊಂಡ ಉಪಾಯ, ಮನೆಬಾಗಿಲಿಗೆ ಪುಸ್ತಕ ಒಯ್ಯುವ ಯೋಜನೆ. ಹೆಗಲಿಗೆ ಚೀಲ ಹಾಕಿಕೊಂಡ ಗ್ರಂಥಪಾಲಕಿ ಮನೆಮನೆಗೆ ಹೋಗಿ ಓದಿದ್ದನ್ನು ಹಿಂದೆ ಪಡೆದು ಹೊಸದನ್ನು ಕೊಟ್ಟು ಬರುತ್ತಾಳೆ. ಸಂಘದ ಇತ್ತೀಚಿನ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದು.

ಎರಡು ಸಂಕಟಗಳಲ್ಲಿ ಈ ಜಾಲದ ಬೆಲೆ ತಿಳಿಯಿತು. 2018ರ ಆಗಸ್ಟ್ ನೆರೆಯಲ್ಲಿ ಹಲವು ಗ್ರಂಥಾಲಯಗಳ ಪುಸ್ತಕಗಳು ನೀರುಪಾಲಾದವು. ಬೇರೆ ಊರುಗಳಿಂದ ಪುಸ್ತಕದ ಕಟ್ಟುಗಳು ಬಂದು ಕಪಾಟುಗಳು ಮತ್ತೆ ತುಂಬತೊಡಗಿದವು. 2020ರ ಜೂನಿನಲ್ಲಿ ಕೊರೋನಾದಿಂದ ಶಾಲೆ ಮುಚ್ಚಿ ವಿಕ್ಟರ್ಸ್ ವಾಹಿನಿಯಲ್ಲಿ ಪಾಠ ಆರಂಭವಾದಾಗ, ಮನೆಯಲ್ಲಿ ಟಿ.ವಿ.ಯೂ ಫೋನೂ ಇಲ್ಲದ ಮಕ್ಕಳು ವಾಚನಾಲಯದ ಟಿ.ವಿ. ಮುಂದೆ ದೂರ ದೂರ ಕೂತು ಪಾಠ ಕೇಳಿದರು. ಬಾಗಿಲು ತೆರೆಯಲು ಮೇಲಿನ ಆದೇಶಕ್ಕಾಗಿ ಕಾಯುವ ಅಗತ್ಯ ಆ ಸಮಿತಿಗಳಿಗೆ ಇರಲಿಲ್ಲ.

ಆಗಬೇಕಾದದ್ದೂ ಇದೆ. ಗ್ರಂಥಪಾಲಕರಿಗೆ ಸಿಗುವ ಗೌರವಧನ ಅವರ ದುಡಿಮೆಗೆ ಸಾಲದು. ಸಮಿತಿಗಳಲ್ಲಿ ನರೆಗೂದಲಿನವರೇ ಹೆಚ್ಚು, ಇಪ್ಪತ್ತರ ಹುಡುಗ ಹುಡುಗಿಯರು ಕಡಿಮೆ. ಕಾಸರಗೋಡಿನ ಕನ್ನಡದ ಮಾತನ್ನೂ ಇಲ್ಲೇ ಆಡಬೇಕು. ಜಿಲ್ಲಾ ಲೈಬ್ರರಿ ಕೌನ್ಸಿಲ್ ನಡೆಸುವ ಪುಸ್ತಕೋತ್ಸವದಲ್ಲಿ ಗ್ರಂಥಾಲಯ ಸಮಿತಿಯವರು ಅನುದಾನದ ಹಣ ಹಿಡಿದು ಬಂದು ಪುಸ್ತಕ ಆರಿಸುತ್ತಾರೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಸಮಿತಿಗಳು ಅಲ್ಲಿ ಕನ್ನಡದ ಹೊಸ ಪುಸ್ತಕ ಹುಡುಕುವಾಗ ಕನ್ನಡದ ಮಳಿಗೆಗಳು ಸಾಲು ಸಾಲಾಗಿ ಇರಬೇಕು. ಬೆಂಗಳೂರು, ಧಾರವಾಡ, ಮೈಸೂರಿನ ಪ್ರಕಾಶಕರು ಆ ಪುಸ್ತಕೋತ್ಸವದ ದಿನಾಂಕ ಗುರುತು ಹಾಕಿಕೊಂಡು, ಮಕ್ಕಳ ಪುಸ್ತಕಗಳನ್ನೂ ಸೇರಿಸಿ ಪೆಟ್ಟಿಗೆ ಕಟ್ಟಿಕೊಂಡು ಕಾಸರಗೋಡಿಗೆ ಹೋಗಬೇಕು.